ಆಸ್ಪತ್ರೆಯಲ್ಲಿ ಉಳಿದುಹೋದವರು

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸಬೇಕು' ಎಂದು ನಗುವ ರೂಢಿಯುಂಟು. ಧಾರವಾಡಕ್ಕೆ ವಿದ್ಯೆಯ ಊರೆಂಬ ಹೆಸರಿದೆ, ಪೇಢೆಯ ಊರೆಂಬ ಹೆಸರೂ ಇದೆ. ಆದರೆ ಈ ನಗೆಯಲ್ಲಿ ಧಾರವಾಡವೆಂದರೆ ಅಲ್ಲಿನ ಮಾನಸಿಕ ಆಸ್ಪತ್ರೆ ಮಾತ್ರ. ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1845ರಲ್ಲಿ ಆರಂಭವಾದ ಈ ಆಸ್ಪತ್ರೆ 2009ರಿಂದ ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಈಗ ಅದು ಚಿಕಿತ್ಸೆ, ಶಿಕ್ಷಣ ಎರಡನ್ನೂ ನೀಡುವ ಸಂಸ್ಥೆ. ನಮ್ಮ ಮಾತು ಮಾತ್ರ ಹಳೆಯ ಕಾಲದಲ್ಲೇ ನಿಂತಿದೆ. ಆ ಮಾತನ್ನು ಸ್ವಲ್ಪ ಗಮನಿಸಿ. ಅದರಲ್ಲಿ ಕಳಿಸುವ ವಿಷಯವಿದೆ, ಮರಳಿ ಕರೆತರುವ ವಿಷಯವಿಲ್ಲ.

ಕಳಿಸಿದವನು ಅಲ್ಲಿ ಎಷ್ಟು ದಿನ ಇರಬೇಕು? ಇದನ್ನು ನಿರ್ಧರಿಸುವವರು ಯಾರು? ವೈದ್ಯರೇ, ರೋಗವೇ, ಕಾನೂನೇ, ಇಲ್ಲವೇ ನೀವು ನಾವೇ? ಮೇಲ್ನೋಟಕ್ಕೆ ಇದು ಆಸ್ಪತ್ರೆಯ ಆಡಳಿತಕ್ಕೆ ಸೇರಿದ ಪ್ರಶ್ನೆ ಎನಿಸಬಹುದು. ಆದರೆ ಇದು ನಮ್ಮ ಈಮಾನನ್ನು ಪರೀಕ್ಷಿಸುವ ಪ್ರಶ್ನೆಯೂ ಹೌದೆಂಬುದೇ ಈ ಲೇಖನದ ವಾದ.

ಮೊದಲು ರೋಗದ ಮಾತನ್ನು ನೋಡೋಣ. ಮನೋರೋಗಗಳೆಲ್ಲ ಒಂದೇ ಬಗೆಯವಲ್ಲ. ಮದ್ಯದ ಚಟ ಬಿಡಿಸಲು ದಾಖಲಾದವನಿಗೆ ಬೇಕಾಗುವ ಸಮಯ ಬೇರೆ, ತೀವ್ರ ಖಿನ್ನತೆಯಿಂದ ಅನ್ನ ನೀರು ಬಿಟ್ಟವಳಿಗೆ ಬೇಕಾಗುವ ಸಮಯ ಬೇರೆ. ಇಲ್ಲದ ದನಿಗಳು ಕೇಳಿಸುವ, ಮನೆಯವರೇ ವಿಷ ಹಾಕುತ್ತಿದ್ದಾರೆಂದು ನಂಬುವ ಸ್ಕಿಜೋಫ್ರೇನಿಯಾ ರೋಗಿಗೆ ಸಾಮಾನ್ಯವಾಗಿ ಇನ್ನೂ ಹೆಚ್ಚು ಕಾಲ ಬೇಕು. ಗುಳಿಗೆ ಶುರುವಾದ ಕೆಲವು ದಿನಗಳಲ್ಲಿ ನಿದ್ದೆ ಬರುತ್ತದೆ, ಕೂಗಾಟ ತಗ್ಗುತ್ತದೆ. ಆದರೆ ತಪ್ಪು ನಂಬಿಕೆ ಸಡಿಲಗೊಳ್ಳಲು ವಾರಗಳು ಹಿಡಿಯುತ್ತವೆ. ರೋಗ ಹತ್ತಿದ ಎಷ್ಟೋ ಕಾಲದ ನಂತರ ಚಿಕಿತ್ಸೆಗೆ ಬಂದವರು ಚೇತರಿಸಿಕೊಳ್ಳುವುದೂ ನಿಧಾನವೇ. ತಾಯತ, ಮಂತ್ರಿಸಿದ ನೀರು, ಊರೂರು ತಿರುಗಾಟ ಎಂದು ಎರಡು ಮೂರು ವರ್ಷ ಕಳೆದು ಕೊನೆಗೆ ಆಸ್ಪತ್ರೆಯ ಬಾಗಿಲು ತಟ್ಟುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ದುಆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಾಹನು ಔಷಧವಿಲ್ಲದ ಯಾವ ರೋಗವನ್ನೂ ಇಳಿಸಿಲ್ಲವೆಂದು ತಿಳಿಸಿದವರು ಪ್ರವಾದಿವರ್ಯರೇ(ಸ). ಔಷಧವನ್ನು ತಡಮಾಡಿ ದುಆವನ್ನು ಮಾತ್ರ ನೆಚ್ಚುವವನು ಅವರ ಮಾತಿನಲ್ಲಿ ಅರ್ಧವನ್ನು ಮಾತ್ರ ಕೇಳಿದ್ದಾನೆ.

ಇಷ್ಟು ವೈದ್ಯಶಾಸ್ತ್ರದ ಲೆಕ್ಕ. 1952ರಲ್ಲಿ ಕ್ಲೋರ್‌ಪ್ರೋಮಜೀನ್ ಎಂಬ ಔಷಧದ ಬಳಕೆ ಆರಂಭವಾದ ಮೇಲೆ ಈ ಲೆಕ್ಕ ವರ್ಷಗಳಿಂದ ವಾರಗಳಿಗೆ ಇಳಿಯತೊಡಗಿತು. ಅದಕ್ಕೂ ಮುಂಚೆ ಗೋಡೆ, ಬೀಗ, ಕಾವಲುಗಾರ ಇವೇ ಚಿಕಿತ್ಸೆ. 1912ರ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಹೋದವನು ಹೊರಬರುವುದು ಸುಲಭವಿರಲಿಲ್ಲ. ಆ ಕಾಯ್ದೆ 1993ರವರೆಗೂ ನಡೆಯಿತು.

ಹಾಗಾದರೆ ಔಷಧ ಬಂದ ಮೇಲೂ, ಕಾನೂನು ಬದಲಾದ ಮೇಲೂ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದವರು ಯಾಕೆ ಇದ್ದಾರೆ? 2019ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ವರದಿಗಾಗಿ 24 ರಾಜ್ಯಗಳ 43 ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಅಲ್ಲೇ ಇದ್ದವರು 4,935 ಮಂದಿ. ಅಂದರೆ ಒಳಗಿದ್ದವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು. ಇವರೆಲ್ಲರ ರೋಗವೂ ಔಷಧಕ್ಕೆ ಬಗ್ಗದ್ದಾಗಿತ್ತೇ? ಇಲ್ಲ. ಚಿಕಿತ್ಸೆ ಮುಗಿದು, ಇನ್ನು ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದವರೂ ಅವರಲ್ಲಿದ್ದರು. ಕರೆದೊಯ್ಯಲು ಯಾರೂ ಬರಲಿಲ್ಲ ಅಷ್ಟೆ. ಮದುವೆಯಾಗದವರು, ಬಿಡುಗಡೆ ಪಡೆದ ಹೆಂಡಂದಿರು, ತಂದೆತಾಯಿ ತೀರಿಕೊಂಡವರು, ಸ್ವಂತ ದುಡಿಮೆ ಇಲ್ಲದವರು, ಪೊಲೀಸರು ಬೀದಿಯಿಂದ ತಂದು ಬಿಟ್ಟವರು, ಇಂಥವರೇ ಹೆಚ್ಚು ದಿನ ಉಳಿಯುತ್ತಾರೆಂದು ಬೇರೆ ಬೇರೆ ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಇದರಲ್ಲಿ ರೋಗದ ಹೆಸರು ಒಂದೂ ಇಲ್ಲ. ರೋಗಿ ಒಳಗೆ ಹೋಗುವುದು ರೋಗದಿಂದ, ಹೊರಗೆ ಬರುವುದು ಹೊರಗಿರುವವರಿಂದ.

ಪವಿತ್ರ ಕುರ್‌ಆನಿನ ಸೂರಃ ಯೂಸುಫ್ ಓದುವಾಗ ಒಂದು ಸಣ್ಣ ಘಟನೆಯನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಹ. ಯೂಸುಫ್(ಅ) ಸೆರೆಮನೆಯಲ್ಲಿದ್ದಾಗ ಜೊತೆಯಲ್ಲಿದ್ದ ಇಬ್ಬರ ಕನಸುಗಳ ಅರ್ಥ ಹೇಳುತ್ತಾರೆ. ಬಿಡುಗಡೆಯಾಗುವನೆಂದು ತಿಳಿದವನೊಡನೆ, ನಿನ್ನ ಒಡೆಯನ ಮುಂದೆ ನನ್ನ ವಿಷಯ ಪ್ರಸ್ತಾಪಿಸು ಎಂದು ಕೋರುತ್ತಾರೆ. ಹೊರಗೆ ಹೋದವನು ಮರೆತ. ಪರಿಣಾಮವಾಗಿ ಯೂಸುಫ್(ಅ) ಇನ್ನೂ ಕೆಲವು ವರ್ಷ ಸೆರೆಯಲ್ಲೇ ಉಳಿದರು (12:42). ಮರೆತವನು ಯಾರೆಂಬುದರ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ ನಿಜ. ಆದರೆ ಮುಂದೆ ರಾಜನಿಗೆ ಕನಸು ಬಿದ್ದಾಗ ಬಹುಕಾಲದ ನಂತರ ನೆನಪು ಮಾಡಿಕೊಂಡವನು ಆ ಬಿಡುಗಡೆಯಾದವನೇ ಎಂದು ಅದೇ ಸೂರಃ ಹೇಳುತ್ತದೆ (12:45). ಆದ್ದರಿಂದ ಮರೆತವನೂ ಅವನೇ ಎಂಬುದು ಹೆಚ್ಚು ಸರಿಯೆನಿಸುತ್ತದೆ.

ಆ ಮನುಷ್ಯ ಯೂಸುಫರ(ಅ) ಶತ್ರುವಾಗಿರಲಿಲ್ಲ. ಅವರ ಮೇಲೆ ಆರೋಪ ಹೊರಿಸಿದವನಲ್ಲ, ಬೀಗ ಹಾಕಿದವನೂ ಅಲ್ಲ. ಅವನಿಗೆ ಅರಮನೆಯಲ್ಲಿ ಕೆಲಸವಿತ್ತು, ದಿನಗಳು ಓಡಿದವು, ಮರೆತ. ಅಷ್ಟೇ ಅವನ ಅಪರಾಧ. ಆದರೆ ಆ ಮರೆವಿನ ಬೆಲೆ ತೆತ್ತವರು ಇನ್ನೊಬ್ಬರು. ಆಸ್ಪತ್ರೆ ಸೆರೆಮನೆಯಲ್ಲ, ರೋಗಿ ಕೈದಿಯಲ್ಲ ಎಂಬುದು ನನಗೆ ಗೊತ್ತು. ಆದರೂ ಬಾಗಿಲು ಒಳಗಿನಿಂದ ತೆರೆಯದಿರುವಾಗ ಹೊರಗಿನವನ ನೆನಪೇ ಬೀಗದ ಕೈ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ನಮ್ಮ ಊರಿಗೇ ಬರೋಣ. ಚಿಂಚಲಿ ಎಂದರೆ ಮಾಯಕ್ಕದೇವಿಯ ಜಾತ್ರೆಗೆ ಎರಡು ರಾಜ್ಯಗಳ ಜನ ಬಂದು ಸೇರುವ ಊರು. ಸ್ಟೇಶನ್ನಿನಲ್ಲಿ ನಿಂತರೆ ಒಂದು ಕಡೆಯ ರೈಲು ಕುಡಚಿ ದಾಟಿ ಮೀರಜಿಗೆ ಹೋಗುತ್ತದೆ, ಇನ್ನೊಂದು ಕಡೆಯದು ಬೆಳಗಾವಿ, ಲೋಂಡಾ ಮಾರ್ಗವಾಗಿ ಧಾರವಾಡದತ್ತ. ಸುತ್ತಲೂ ಕಬ್ಬಿನ ಹೊಲ. ಇಲ್ಲಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಇಬ್ಬರು ಅಣ್ಣತಮ್ಮಂದಿರು. ತಮ್ಮನಿಗೆ ಇಪ್ಪತ್ತೆರಡನೆಯ ವಯಸ್ಸಿಗೆ ಮನೋರೋಗ ತಟ್ಟಿತು, ಧಾರವಾಡಕ್ಕೆ ಸೇರಿಸಿದರು. ಅಬ್ಬಾ ಇರುವವರೆಗೆ ತಿಂಗಳಿಗೊಮ್ಮೆ ರೈಲು ಹತ್ತಿ ಹೋಗುತ್ತಿದ್ದರು. ಗುಣವಾದಾಗ ಮನೆಗೆ ತಂದರು, ಗುಳಿಗೆ ಬಿಟ್ಟು ಮತ್ತೆ ಕೆಟ್ಟಾಗ ಮರಳಿ ಸೇರಿಸಿದರು. ಅಬ್ಬಾ ತೀರಿಕೊಂಡ ಮೇಲೆ ಹೋಗುವವರಿಲ್ಲ. ಅಣ್ಣ ಕೆಟ್ಟವನಲ್ಲ. ಕಬ್ಬಿಗೆ ನೀರು ಹಾಯಿಸಬೇಕು, ಮಗಳಿಗೆ ಗಂಡು ನೋಡಬೇಕು, ನೋಡಲು ಬಂದವರು ಹುಡುಗಿಯ ಚಿಕ್ಕಪ್ಪ ಎಲ್ಲಿ ಎಂದು ಕೇಳಿದರೆ ಉತ್ತರ ಹೇಳಬೇಕು. ಮುಂದಿನ ತಿಂಗಳು ಹೋದರಾಯಿತು, ಈದ್ ಕಳೆಯಲಿ, ಮದುವೆ ಮುಗಿಯಲಿ. ಹೀಗೆಯೇ ಐದು ವರ್ಷ ಕಳೆಯುತ್ತದೆ. ಇಂಥ ಕುಟುಂಬವನ್ನು ಹುಡುಕಲು ನೀವು ಬಹಳ ದೂರ ಹೋಗಬೇಕಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಹೇಳಲು ಸಂಕೋಚಪಡಬಾರದು. ತಮ್ಮನ ಪಾಲಿನ ಜಮೀನು ಎಲ್ಲಿದೆ? ಅಣ್ಣನ ಹೊಲದ ಜೊತೆಯಲ್ಲೇ ಇದೆ. ಕಾರ್ಖಾನೆಯಿಂದ ಬರುವ ಕಬ್ಬಿನ ಬಿಲ್ಲಿನಲ್ಲಿ ಅವನ ಪಾಲೂ ಇದೆ. ಬುದ್ಧಿಭ್ರಮಣೆಯಾದವನ ವಾರಸುದಾರಿಕೆ ಶರೀಅತ್‌ನಲ್ಲಿ ರದ್ದಾಗುವುದಿಲ್ಲ, ಒಂದು ಗುಂಟೆಯಷ್ಟೂ ಕಡಿಮೆಯಾಗುವುದಿಲ್ಲ. ಅವನು ಸ್ವತಃ ವ್ಯವಹಾರ ಮಾಡಲಾರನಾದರೆ ಬೇರೊಬ್ಬರು ನೋಡಿಕೊಳ್ಳಬೇಕು, ಒಡೆತನ ಮಾತ್ರ ಅವನದೇ. ಸೂರಃ ನಿಸಾದ ಐದನೆಯ ವಚನ ಈ ವಿಷಯದಲ್ಲಿ ಬಹಳ ಸ್ಪಷ್ಟ. ಬುದ್ಧಿ ಪಕ್ವವಿಲ್ಲದವರ ಕೈಗೆ ಸೊತ್ತನ್ನು ಒಪ್ಪಿಸಬೇಡಿ ಎಂದಷ್ಟೇ ಹೇಳಿ ಅದು ನಿಲ್ಲುವುದಿಲ್ಲ. ಅವರಿಗೆ ಉಣಬಡಿಸಲು, ಉಡಿಸಲು, ಅವರೊಡನೆ ಒಳ್ಳೆಯ ಮಾತಾಡಲು ಆಜ್ಞಾಪಿಸುತ್ತದೆ. ಮೂಲದಲ್ಲಿ 'ಆ ಸೊತ್ತಿನಿಂದ' ಎನ್ನುವ ಬದಲು 'ಆ ಸೊತ್ತಿನಲ್ಲಿ' ಎಂಬರ್ಥದ ಪದವಿದೆ. ಇದನ್ನು ಗಮನಿಸಿದ ಕೆಲವು ವ್ಯಾಖ್ಯಾನಕಾರರು, ಅಸಲನ್ನು ಕರಗಿಸದೆ ಅದನ್ನು ದುಡಿಸಿ ಬಂದ ಲಾಭದಿಂದ ಅವರನ್ನು ಸಾಕಬೇಕೆಂಬ ಸೂಚನೆ ಇಲ್ಲಿದೆ ಎಂದಿದ್ದಾರೆ. ಎಷ್ಟು ಜಾಗರೂಕ ಆಜ್ಞೆ ನೋಡಿ! ಹಾಗಿರುವಾಗ ತಮ್ಮನ ಪಾಲಿನ ಬಿಲ್ಲನ್ನು ಮನೆಗೆ ಬಳಸಿಕೊಂಡು, ಧಾರವಾಡಕ್ಕೆ ಹೋಗಲು ಖರ್ಚಿಗಿಲ್ಲ ಎನ್ನುವ ಅಣ್ಣನಿಗೆ ಏನು ಹೇಳೋಣ? ಆ ಖರ್ಚು ಅವನ ಜೇಬಿನದಲ್ಲ, ರೋಗಿಯದ್ದೇ ಹಣ. ಅನಾಥನ ಸೊತ್ತಿನ ಬಗ್ಗೆ ಭಯಪಡುವ ನಾವು ಮನೋರೋಗಿಯ ಸೊತ್ತಿನ ಬಗ್ಗೆ ಅಷ್ಟು ಭಯಪಡುವುದಿಲ್ಲ. ಅನಾಥ ಒಂದು ದಿನ ದೊಡ್ಡವನಾಗಿ ಲೆಕ್ಕ ಕೇಳುತ್ತಾನೆ, ಇವನು ಕೇಳಲಾರನೆಂಬ ಧೈರ್ಯವಿರಬಹುದು. ಪರಲೋಕದಲ್ಲಿ ಲೆಕ್ಕ ಕೇಳುವವನು ಬೇರೆಯೇ ಇದ್ದಾನೆ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ರೋಗ ಬಂದೊಡನೆ ಗಂಡನ ಮನೆಯವರು ತವರಿಗೆ ಕಳಿಸುತ್ತಾರೆ, ಮದುವೆಗೆ ಮೊದಲೇ ರೋಗವಿತ್ತು, ಮುಚ್ಚಿಟ್ಟಿರಿ ಎನ್ನುತ್ತಾರೆ. ತವರಿನಲ್ಲಿ ಅಣ್ಣಂದಿರ ಸಂಸಾರ. ಎರಡು ಮನೆಗಳ ನಡುವೆ ಆಕೆಗೆ ಉಳಿಯುವ ಮೂರನೆಯ ಮನೆ ಆಸ್ಪತ್ರೆಯ ವಾರ್ಡು. ಗಂಡಸು ಗುಣವಾದರೆ ಹೊಲಕ್ಕಾದರೂ ಕರೆದುಕೊಳ್ಳುತ್ತಾರೆ. ಹೆಣ್ಣು ಗುಣವಾದರೆ ಅವಳು ಯಾರ ಹೊಣೆ ಎಂಬ ವಾದ ಆರಂಭವಾಗುತ್ತದೆ, ಆ ವಾದ ಮುಗಿಯುವವರೆಗೆ ಅವಳು ಅಲ್ಲೇ ಇರಬೇಕು. ತಲಾಕ್ ಕೊಟ್ಟು ಕೈತೊಳೆದುಕೊಂಡವನು ಮಹ್ರ್ ಕೊಟ್ಟಿದ್ದಾನೆಯೇ, ಇದ್ದತ್‌ನ ಖರ್ಚು ಕೊಟ್ಟಿದ್ದಾನೆಯೇ ಎಂದು ಕೇಳುವವರು ಜಮಾಅತ್‌ನಲ್ಲಿ ಎಷ್ಟು ಜನ? ಹುಷಾರಿರುವ ಹೆಣ್ಣಿಗಾಗಿಯೇ ಕೇಳದವರು ಇವಳಿಗಾಗಿ ಕೇಳುತ್ತಾರೆಯೇ?

ಈಗ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಇಂಥ ರೋಗಿಯನ್ನು ಮನೆಯಲ್ಲಿಟ್ಟುಕೊಂಡವರಿಗೇ ಅದರ ಕಷ್ಟ ಗೊತ್ತು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯುವ ತಾಯಿ, ಏಟು ತಿಂದ ಅತ್ತಿಗೆ, ನೆರೆಯವರ ಮುಂದೆ ತಲೆತಗ್ಗಿಸಿದ ತಂದೆ, ಇವರಿಗೆ ಉಪದೇಶ ಮಾಡಲು ನನಗೆ ನಾಚಿಕೆಯಾಗುತ್ತದೆ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸುವುದಿಲ್ಲ (2:286). ಒಂದು ಮನೆಯ ಸಾಮರ್ಥ್ಯ ಮುಗಿದಾಗ ಹೊರೆ ಇಲ್ಲವಾಗುವುದಿಲ್ಲ, ಅದು ಪಕ್ಕದವರ ಹೆಗಲಿಗೆ ಬರುತ್ತದೆ. ಫರ್ಝ್ ಕಿಫಾಯದ ಅರ್ಥ ನಮಗೆ ಜನಾಝ ನಮಾಝಿನ ವಿಷಯದಲ್ಲಿ ಮಾತ್ರ ಗೊತ್ತು. ಮಹಲ್ಲಾದಲ್ಲಿ ಯಾರೂ ನಮಾಝ್ ಮಾಡದೆ ಮಯ್ಯಿತ್ ಉಳಿದರೆ ಎಲ್ಲರೂ ಪಾಪಿಗಳು. ಜೀವಂತ ಮನುಷ್ಯನೊಬ್ಬ ವರ್ಷಗಟ್ಟಲೆ ಉಳಿದುಹೋದರೆ ಯಾರೂ ಪಾಪಿಗಳಲ್ಲವೇ?

ಆದ್ದರಿಂದಲೇ, ಕೂಡಲೇ ಎಲ್ಲರನ್ನೂ ಮನೆಗೆ ತನ್ನಿ ಎಂದು ನಾನು ಹೇಳುವುದಿಲ್ಲ. ಹೊರಗೆ ತಕ್ಕ ವ್ಯವಸ್ಥೆ ಮಾಡದೆಯೇ ಆಸ್ಪತ್ರೆಗಳನ್ನು ಖಾಲಿ ಮಾಡಿದ ಅಮೆರಿಕದಲ್ಲಿ ಅನೇಕ ರೋಗಿಗಳು ಬೀದಿ ಪಾಲಾದರು, ಜೈಲು ಸೇರಿದರು. ನಮ್ಮಲ್ಲೂ ಅತಿ ಬೇಗ ಬಿಡಿಸಿಕೊಂಡು ಬರುವವರಿದ್ದಾರೆ. ಈದ್‌ಗೆ ಮಗ ಮನೆಯಲ್ಲಿರಬೇಕೆಂದು ವೈದ್ಯರೊಡನೆ ಜಗಳವಾಡಿ ಕರೆತಂದು, ನಗುತ್ತಿದ್ದಾನಲ್ಲ, ಗುಣವಾಯಿತೆಂದು ಗುಳಿಗೆ ನಿಲ್ಲಿಸಿ, ಕೆಲವು ತಿಂಗಳಲ್ಲಿ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಮತ್ತೆ ಸೇರಿಸುತ್ತಾರೆ. ಎರಡನೆಯ ಸಲ ದಾಖಲಾದಾಗ ಹೆಚ್ಚು ದಿನ ಬೇಕಾಗಬಹುದು. ರಮಝಾನಿನಲ್ಲಿಯೂ ಇದೇ ತಪ್ಪು ನಡೆಯುತ್ತದೆ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ (2:184), ಬುದ್ಧಿ ಕಳೆದುಕೊಂಡವನ ಮೇಲೆ ಅದು ಮರಳುವವರೆಗೆ ಲೇಖನಿಯನ್ನೇ ಎತ್ತಲಾಗಿದೆ ಎಂದು ಹದೀಸ್ ತಿಳಿಸುತ್ತದೆ. ಆದರೂ ಪುಣ್ಯದ ತಿಂಗಳೆಂದು ಔಷಧ ಬಿಡಿಸಿ ಉಪವಾಸ ಹಿಡಿಸುವ ಮನೆಗಳಿವೆ. ಲಿಥಿಯಂ ತೆಗೆದುಕೊಳ್ಳುವವರು ನೀರಿಲ್ಲದೆ ಇದ್ದರೆ ಅದು ರಕ್ತದಲ್ಲಿ ವಿಷಮಟ್ಟಕ್ಕೆ ಏರಬಹುದು. ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಇಳಿಯಬೇಡಿ.

ಮದೀನದಲ್ಲಿ ಬುದ್ಧಿ ಸ್ಥಿಮಿತವಿಲ್ಲದ ಒಬ್ಬ ಮಹಿಳೆ ಇದ್ದರು. ಹ. ಅನಸ್(ರ) ಅವರ ವರದಿ ಸಹೀಹ್ ಮುಸ್ಲಿಮಿನಲ್ಲಿದೆ. ಆಕೆ ಬಂದು, ತಮ್ಮಿಂದ ನನಗೊಂದು ಕೆಲಸವಾಗಬೇಕಿದೆ ಎಂದರು. ಪ್ರವಾದಿವರ್ಯರು(ಸ) ಆಕೆಯನ್ನು ಇಂಥವರ ತಾಯಿ ಎಂದು ಗೌರವದಿಂದಲೇ ಕರೆದು, ಯಾವ ಬೀದಿಯಲ್ಲಿ ಬೇಕೋ ಅಲ್ಲಿ ಬರುವೆನೆಂದರು. ಬೀದಿಯಲ್ಲಿ ಆಕೆಯ ಜೊತೆ ನಿಂತು, ಆಕೆಯ ಮಾತು ಮುಗಿಯುವವರೆಗೆ ಕೇಳಿದರು. ಸ್ಥಳವನ್ನು ಆರಿಸಿದ್ದು ಆಕೆ, ಸಮಯವನ್ನು ನಿರ್ಧರಿಸಿದ್ದೂ ಆಕೆ. ಒಂದು ರಾಜ್ಯದ ಆಡಳಿತ, ಸೇನೆ, ವಹ್ಯ್ ಎಲ್ಲದರ ಹೊಣೆಯಿದ್ದವರಿಗೆ ಇದಕ್ಕೆ ಬಿಡುವಿತ್ತು. ನಮ್ಮ ಊರಿನ ಬೀದಿಯಲ್ಲಿ ಅಂಥ ಮಹಿಳೆ ಬಂದರೆ ಮಕ್ಕಳು ಕಲ್ಲು ಹಿಡಿಯುತ್ತಾರೆ, ದೊಡ್ಡವರು ನೋಡುತ್ತಾ ನಿಲ್ಲುತ್ತಾರೆ.

ಮುಸ್ಲಿಮರ ಚರಿತ್ರೆಯಲ್ಲಿ ಈ ಸುನ್ನತ್ತಿನ ಛಾಯೆ ಆಸ್ಪತ್ರೆಗಳಲ್ಲೂ ಕಾಣುತ್ತದೆ. 1154ರಲ್ಲಿ ನೂರುದ್ದೀನ್ ಝಂಗಿ ದಮಾಸ್ಕಸ್‌ನಲ್ಲಿ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯಿಂದ ಗುಣವಾಗಿ ಹೊರಡುವವನಿಗೆ, ಕೂಡಲೇ ದುಡಿಮೆಗೆ ಬೀಳಬೇಕಾಗದಿರಲೆಂದು ಹಣ ಕೊಟ್ಟು ಕಳಿಸುತ್ತಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಗುಣವಾದ ಮೊದಲ ವಾರಗಳಲ್ಲಿ ಮನುಷ್ಯನಿಗೆ ಏನು ಬೇಕೆಂಬುದು ಅವರಿಗೆ ಗೊತ್ತಿತ್ತು. ಹಾಗೆಂದು ಹಳೆಯದನ್ನೆಲ್ಲ ಬಂಗಾರವೆನ್ನಬಾರದು. 1184ರಲ್ಲಿ ದಮಾಸ್ಕಸ್ ನೋಡಿದ ಇಬ್ನ್ ಜುಬೈರ್ ಅಲ್ಲಿನ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದನ್ನೂ ಬರೆದಿಟ್ಟಿದ್ದಾರೆ.

ಸರಪಳಿ ಎಂದಾಗ ಏರ್ವಾಡಿಯನ್ನು ಹೇಳದೆ ಇರಲಾಗದು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಸುತ್ತ ಖಾಸಗಿಯವರು ರೋಗಿಗಳನ್ನು ಇಟ್ಟುಕೊಳ್ಳುವ ಮನೆಗಳನ್ನು ನಡೆಸುತ್ತಿದ್ದರು. 2001ರ ಆಗಸ್ಟ್ 6ರಂದು ಅಂಥ ಒಂದು ಗುಡಿಸಲಿಗೆ ಬೆಂಕಿ ಹತ್ತಿತು. ಕಾಲಿಗೆ ಸರಪಳಿ ಇದ್ದುದರಿಂದ ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಮನೆಯವರೇ. ಬಿಡುವಾಗ ಎಷ್ಟು ದಿನಕ್ಕೆಂದು ಅವರಲ್ಲಿ ಎಷ್ಟು ಜನ ಯೋಚಿಸಿದ್ದರೋ ಅಲ್ಲಾಹನೇ ಬಲ್ಲ.

ಅದರ ನಂತರ ದೇಶದ ಕಾನೂನು ಬದಲಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದು ನಿಷೇಧಿಸಿದೆ. ತಾನೇ ಒಪ್ಪಿ ಬರಲಾಗದ ಸ್ಥಿತಿಯಲ್ಲಿರುವ ರೋಗಿಯನ್ನು ಅವನ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಬಹುದು, ಅದಕ್ಕೂ ಮೀರಿದರೆ ಮಂಡಳಿಯ ಅನುಮತಿ ಬೇಕು. ಮನೆಯವರಿಲ್ಲ, ಮನೆಯವರು ಒಪ್ಪುವುದಿಲ್ಲ ಅಥವಾ ಇರಲು ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎಂದು ಅದರ 19ನೆಯ ಕಲಂ ಹೇಳುತ್ತದೆ. ಒಳ್ಳೆಯ ಕಾನೂನು. ಆದರೆ ಕಾನೂನು ಬಾಗಿಲು ತೆರೆಯಬಲ್ಲದು, ಸ್ಟೇಶನ್ನಿಗೆ ಬಂದು ಕಾಯಲಾರದು.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಜೊತೆಗೆ ಉಳಿಸಿಕೊಂಡರು. ಅಡುಗೆ ಮಾಡಿ ಹಾಕುತ್ತಾ, ಚಿಕಿತ್ಸೆ ನೋಡುತ್ತಾ, ರೋಗವೆಂದರೇನೆಂದು ಮನೆಯವರು ಕಲಿತರು. ರೋಗಿಗಳು ಬೇಗ ಗುಣವಾಗಿ ಅವರ ಜೊತೆಗೇ ಊರಿಗೆ ಮರಳತೊಡಗಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬದವರೊಡನೆ ಇರುವ ವಾರ್ಡುಗಳು ಬಂದವು. ಅದರಲ್ಲಿ ದೊಡ್ಡ ರಹಸ್ಯವೇನಿಲ್ಲ. ಜೊತೆಯಲ್ಲಿ ಇದ್ದವನು ಮರೆಯುವುದಿಲ್ಲ.

ನಮ್ಮ ಜಮಾಅತ್‌ಗಳು ಇದರಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ, ಅದಕ್ಕೆ ಹೊಸ ಕಟ್ಟಡವೇನೂ ಬೇಡ. ಮಹಲ್ಲಾದ ರಿಜಿಸ್ಟರಿನಲ್ಲಿ ಸಾವು, ನಿಕಾಹ್ ಬರೆಯುತ್ತೇವೆ. ಯಾರ ಮನೆಯವರು ಧಾರವಾಡದಲ್ಲಿ, ಮೀರಜಿನಲ್ಲಿ, ಬೆಳಗಾವಿಯಲ್ಲಿ ದಾಖಲಾಗಿದ್ದಾರೆ ಎಂಬುದನ್ನೂ, ಮನೆಯವರ ಒಪ್ಪಿಗೆ ಪಡೆದು, ಗುಟ್ಟು ಕಾಯುತ್ತಾ ಬರೆದಿಡಬಹುದು. ತಿಂಗಳಿಗೊಮ್ಮೆ ಇಬ್ಬರು ಹೋಗಿ ಬರಲಿ, ಸ್ತ್ರೀ ರೋಗಿಯಾದರೆ ಹೆಂಗಸರು ಹೋಗಲಿ. ಬಡವರಾದರೆ ಗುಳಿಗೆಗೆ, ರೈಲು ಖರ್ಚಿಗೆ ಝಕಾತ್‌ನಿಂದ ಕೊಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಪ್ರಮಾಣಪತ್ರ ಮಾಡಿಸಲು ಓದಿದ ಯುವಕರು ನೆರವಾಗಲಿ. ಮನೆಗೆ ಬಂದ ರೋಗಿ ಗುಳಿಗೆಗಾಗಿ ಪ್ರತಿ ಸಲವೂ ಧಾರವಾಡಕ್ಕೇ ಹೋಗಬೇಕೆಂದಿಲ್ಲ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ತೊಂದರೆ ಹೆಚ್ಚಾದ ರಾತ್ರಿ ಏನು ಮಾಡಬೇಕೆಂದು ತೋಚದಿದ್ದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಸಣ್ಣ ವಿಷಯ. ರೋಗಿಯನ್ನು ಸೇರಿಸುವಾಗ ಆಸ್ಪತ್ರೆಯ ಕಾಗದದಲ್ಲಿ ವಿಳಾಸ, ಫೋನ್ ನಂಬರ್ ಬರೆಸುತ್ತಾರೆ. ಒಂದೇ ನಂಬರ್ ಕೊಡಬೇಡಿ, ಇಬ್ಬರು ಮೂವರದು ಕೊಡಿ, ಮಸೀದಿಯ ವಿಳಾಸವನ್ನೂ ಬರೆಸಿ. ಆಮೇಲೆ ನೀವು ಮನೆ ಬದಲಿಸಿದರೆ, ಕಬ್ಬಿನ ಕೆಲಸಕ್ಕೋ ವ್ಯಾಪಾರಕ್ಕೋ ಸಾಂಗಲಿಗೆ, ಕೊಲ್ಹಾಪುರಕ್ಕೆ ಹೋಗಿ ನೆಲೆಸಿದರೆ, ಫೋನಿನ ಸಿಮ್ ಬದಲಾದರೆ, ಅದೇ ವಾರ ಆಸ್ಪತ್ರೆಗೆ ತಿಳಿಸಿ.